ನೇಗಿಲನ್ನು ಯಂತ್ರಕ್ಕೆ ಬೆಸೆದ ಹ್ಯಾರಿ ಫರ್ಗುಸನ್

ಹೊಲದ ಬದು ಹತ್ತಿರವಾದಾಗ ಟ್ರಾಕ್ಟರ್ ಚಾಲಕ ಪಕ್ಕದಲ್ಲಿರುವ ಸಣ್ಣ ಹಿಡಿಕೆಯೊಂದನ್ನು ಮೇಲಕ್ಕೆತ್ತುತ್ತಾನೆ. ಮಣ್ಣಿನೊಳಗೆ ಹುದುಗಿದ್ದ ನೇಗಿಲು ತಾನೇ ಮೇಲೆದ್ದು ನಿಲ್ಲುತ್ತದೆ. ಟ್ರಾಕ್ಟರ್ ತಿರುಗಿ ಹೊಸ ಸಾಲಿಗೆ ಬಂದೊಡನೆ ಹಿಡಿಕೆಯನ್ನು ಇಳಿಸಿದರೆ ಸಾಕು, ನೇಗಿಲು ಮತ್ತೆ ನೆಲಕ್ಕಿಳಿದು ತನ್ನ ಆಳವನ್ನು ತಾನೇ ಹುಡುಕಿಕೊಳ್ಳುತ್ತದೆ. ಇದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕಂಡಿರುವ ನೋಟ. ಟ್ರಾಕ್ಟರಿನ ಬೆನ್ನಿಗೆ ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ಕಬ್ಬಿಣದ ತೋಳುಗಳಿರುವುದನ್ನೂ ಎಲ್ಲರೂ ನೋಡಿದ್ದೇವೆ. ನೇಗಿಲಿರಲಿ, ಕಲ್ಟಿವೇಟರ್ ಇರಲಿ, ರೋಟವೇಟರ್ ಇರಲಿ, ಈ ಮೂರು ತೋಳುಗಳಿಗೇ ಜೋಡಿಸುತ್ತೇವೆ.

ಈ ಮೂರು ತೋಳುಗಳ ಹಿಂದೆ ಒಬ್ಬ ಮನುಷ್ಯನ ಇಡೀ ಬಾಳಿದೆ. ಆತನ ಹೆಸರು ಹ್ಯಾರಿ ಫರ್ಗುಸನ್. ಹೆಸರು ನಮ್ಮವರಿಗೆ ಹೊಸದಲ್ಲ, ಅದು ಎಷ್ಟೋ ಟ್ರಾಕ್ಟರುಗಳ ಮೂತಿಯ ಮೇಲೆಯೇ ಇದೆ. ಆದರೆ ಆ ಹೆಸರಿನ ಮನುಷ್ಯ ಯಾರು, ಆತ ಮಾಡಿದ್ದೇನು ಎಂಬುದು ತಿಳಿದವರು ಕಡಿಮೆ. ಹಳೆಯ ಯಂತ್ರವನ್ನು ಬಿಚ್ಚಿ ಹೊಸ ಕೆಲಸಕ್ಕೆ ಹೊಂದಿಸುವ ಹವ್ಯಾಸವಿರುವ ನಮ್ಮ ತರುಣರಂತೂ ಆತನ ಕಥೆಯನ್ನು ಅವಶ್ಯ ತಿಳಿಯಬೇಕು. ಏಕೆಂದರೆ ಫರ್ಗುಸನ್ ತನ್ನ ದಾರಿ ಹಿಡಿದದ್ದು ಹೊಸ ಟ್ರಾಕ್ಟರ್ ಕಟ್ಟುವುದರಿಂದಲ್ಲ. ರಸ್ತೆಯ ಮೇಲೆ ಓಡಲೆಂದು ಮಾಡಿದ್ದ ಹಗುರವಾದ ಕಾರೊಂದನ್ನು ಉಳುಮೆಗೆ ಹೊಂದಿಸುವ ಕೆಲಸದಿಂದ.

ಬೇಸಾಯ ಒಲ್ಲದ ರೈತನ ಮಗ

ಹ್ಯಾರಿ ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಉತ್ತರ ಭಾಗದ ಡೌನ್ ಜಿಲ್ಲೆಯಲ್ಲಿ, ಡ್ರೋಮೋರ್ ಪಟ್ಟಣದ ಬಳಿಯ ಗ್ರೋವೆಲ್ ಎಂಬ ಹಳ್ಳಿಯಲ್ಲಿ. ತಂದೆ ಜೇಮ್ಸ್ ಫರ್ಗುಸನ್ ಬೇಸಾಯಗಾರ. ಮನೆ ತುಂಬ ಮಕ್ಕಳು, ಹನ್ನೊಂದು ಜನರಲ್ಲಿ ಹ್ಯಾರಿ ನಾಲ್ಕನೆಯವನು. ತಂದೆಯದು ಕಟ್ಟುನಿಟ್ಟಿನ ಧಾರ್ಮಿಕ ನಡವಳಿಕೆ, ಮಗನದು ಎದುರು ನಿಲ್ಲುವ ಸ್ವಭಾವ. ಇಬ್ಬರಿಗೂ ಹೊಂದಿಕೆಯಾಗಲಿಲ್ಲ.

ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಹುಡುಗ ಹೊಲಕ್ಕಿಳಿದ. ಕುಳ್ಳ ದೇಹ, ತೆಳು ಮೈಕಟ್ಟು. ಕುದುರೆಗಳ ಹಿಂದೆ ನೇಗಿಲು ಹಿಡಿದು ದಿನವಿಡೀ ನಡೆಯುವ ಕೆಲಸ ಆತನಿಗೆ ಹಿಡಿಸಲಿಲ್ಲ. ಬೆನ್ನು ಮುರಿಯುವ ಆ ದುಡಿಮೆಯ ನೆನಪು ಮಾತ್ರ ಮನಸ್ಸಿನಿಂದ ಅಳಿಯಲಿಲ್ಲ. ದೇಶ ಬಿಟ್ಟು ಕೆನಡಾಕ್ಕೆ ಹೋಗುವ ಯೋಚನೆಯಲ್ಲಿದ್ದಾಗ, 1902ರಲ್ಲಿ ಅಣ್ಣ ಜೋ ಆತನನ್ನು ಬೆಲ್‌ಫಾಸ್ಟ್ ನಗರದ ತನ್ನ ಸೈಕಲ್ ಮತ್ತು ಮೋಟಾರು ದುರಸ್ತಿ ಅಂಗಡಿಗೆ ಕರೆದುಕೊಂಡ.

ಅಲ್ಲಿ ಹ್ಯಾರಿಯ ಕೈಗೆ ತಕ್ಕ ಕೆಲಸ ಸಿಕ್ಕಿತು. ಎಂಜಿನ್ನಿನ ಸದ್ದು ಕೇಳಿಯೇ ಅದರ ದೋಷ ಹೇಳುವಷ್ಟು ಚತುರನೆಂದು ಹೆಸರಾಯಿತು. ಸಂಜೆ ಹೊತ್ತು ತಾಂತ್ರಿಕ ಶಾಲೆಗೆ ಹೋಗಿ ಪಾಠ ಕೇಳಿದ. ಅಂಗಡಿಯ ಹೆಸರು ನಾಲ್ಕು ಜನರ ಬಾಯಲ್ಲಿ ಬರಲೆಂದು ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಓಡಿಸಿದ. ಅಷ್ಟಕ್ಕೇ ತೃಪ್ತನಾಗದೆ ವಿಮಾನವೊಂದನ್ನು ತಾನೇ ಕಟ್ಟಿದ. 1909ರ ಡಿಸೆಂಬರ್ 31ರಂದು, ಹಿಲ್ಸ್‌ಬರೋ ಎಂಬಲ್ಲಿ, ಬಿರುಗಾಳಿ ಬೀಸುತ್ತಿದ್ದರೂ ಆ ವಿಮಾನವನ್ನು ಸುಮಾರು 130 ಗಜ ದೂರ ಹಾರಿಸಿದ. ಐರ್ಲೆಂಡಿನ ನೆಲದಿಂದ ಯಂತ್ರಬಲದಿಂದ ಮೇಲೆದ್ದ ಮೊದಲ ಹಾರಾಟ ಅದು. ಆಗ ಆತನಿಗೆ ಇಪ್ಪತ್ತೈದು ವರ್ಷ.

ವಿಮಾನದ ಕೆಲಸ ಕಲಿಸಿದ ಒಂದು ಪಾಠ ಕೊನೆಯವರೆಗೂ ಆತನ ಜತೆಗೇ ಉಳಿಯಿತು. ಯಂತ್ರದಲ್ಲಿ ಬೇಡದ ಭಾರ ಇರಕೂಡದು ಎಂಬುದೇ ಆ ಪಾಠ.

ಎತ್ತು ನಿಲ್ಲುತ್ತದೆ, ಎಂಜಿನ್ ನಿಲ್ಲುವುದಿಲ್ಲ

1911ರಲ್ಲಿ ಫರ್ಗುಸನ್ ಬೆಲ್‌ಫಾಸ್ಟಿನಲ್ಲಿ ಸ್ವಂತ ಮೋಟಾರು ಅಂಗಡಿ ತೆರೆದ. ವಿಲ್ಲಿ ಸ್ಯಾಂಡ್ಸ್ ಎಂಬ ಕುಶಲ ಕೆಲಸಗಾರ ಜತೆಗೂಡಿದ. ಮುಂದೆ ಫರ್ಗುಸನ್ ಹೆಸರಿನಲ್ಲಿ ಬಂದ ಎಷ್ಟೋ ಸುಧಾರಣೆಗಳಲ್ಲಿ ಈ ಸ್ಯಾಂಡ್ಸ್‌ನ ಕೈ ಇತ್ತೆಂಬುದನ್ನು ಮರೆಯಬಾರದು.

ಮೊದಲನೆಯ ಮಹಾಯುದ್ಧ ಬಂದಿತು. ಹಡಗುಗಳು ಮುಳುಗತೊಡಗಿ ಬ್ರಿಟನ್ನಿಗೆ ಹೊರಗಿನಿಂದ ಬರುವ ಆಹಾರ ಕಡಿಮೆಯಾಯಿತು. ಹೆಚ್ಚು ನೆಲ ಉಳಬೇಕು, ಆದರೆ ಆಳುಗಳೂ ಕುದುರೆಗಳೂ ಯುದ್ಧಕ್ಕೆ ಹೋಗಿದ್ದವು. ಆಗ, 1917ರಲ್ಲಿ, ಐರ್ಲೆಂಡಿನ ಕೃಷಿ ಇಲಾಖೆ ಅಲ್ಲಿನ ಟ್ರಾಕ್ಟರುಗಳ ಕೆಲಸವನ್ನು ಸುಧಾರಿಸುವ ಹೊಣೆಯನ್ನು ಫರ್ಗುಸನ್‌ಗೆ ಒಪ್ಪಿಸಿತು. ಆತ ಸ್ಯಾಂಡ್ಸ್‌ನೊಡನೆ ಊರೂರು ತಿರುಗಿ ರೈತರ ಹೊಲಗಳಲ್ಲಿ ನಿಂತು ಉಳುಮೆ ನೋಡಿದ.

ಆತ ಕಂಡದ್ದು ಸಂತೋಷದ ನೋಟವಲ್ಲ. ಅಂದಿನ ಟ್ರಾಕ್ಟರುಗಳು ಟನ್‌ಗಟ್ಟಲೆ ಭಾರದ ಕಬ್ಬಿಣದ ಮುದ್ದೆಗಳು. ಅವು ಓಡಾಡಿದಲ್ಲಿ ಮಣ್ಣು ಗಟ್ಟಿಯಾಗಿ ಹೋಗುತ್ತಿತ್ತು. ನೇಗಿಲನ್ನು ಹಿಂದೆ ಸರಪಳಿಯಿಂದಲೋ ಕೊಂಡಿಯಿಂದಲೋ ಕಟ್ಟಿ ಎಳೆಯುತ್ತಿದ್ದರು. ಅಂದರೆ ಕುದುರೆ ನಿಂತಿದ್ದ ಜಾಗದಲ್ಲಿ ಯಂತ್ರ ತಂದು ನಿಲ್ಲಿಸಿದ್ದರೇ ಹೊರತು ನೇಗಿಲು ಹಿಂದಿನದೇ, ಕಟ್ಟುವ ಕ್ರಮವೂ ಹಿಂದಿನದೇ.

ಇದರಿಂದ ಪ್ರಾಣಕ್ಕೇ ಅಪಾಯವಿತ್ತು. ನಮ್ಮ ಎತ್ತುಗಳನ್ನು ನೆನಪಿಸಿಕೊಳ್ಳಿ. ನೇಗಿಲ ಕುಳ ಬೇರಿಗೋ ಬಂಡೆಗೋ ಸಿಕ್ಕಿತೆಂದರೆ ಎತ್ತು ತಾನೇ ನಿಂತುಬಿಡುತ್ತದೆ. ಎಂಜಿನ್ನಿಗೆ ಆ ತಿಳಿವಳಿಕೆ ಇಲ್ಲ. ನೇಗಿಲು ಸಿಕ್ಕಿಕೊಂಡು ಹಿಂದಿನ ಗಾಲಿಗಳು ಉರುಳಲಾರದೆ ನಿಂತಾಗ, ಎಂಜಿನ್ನಿನ ಬಲ ಗಾಲಿಯನ್ನು ತಿರುಗಿಸುವ ಬದಲು ಟ್ರಾಕ್ಟರಿನ ಒಡಲನ್ನೇ ಅಚ್ಚಿನ ಸುತ್ತ ತಿರುಗಿಸತೊಡಗುತ್ತದೆ. ಮೂತಿ ಮೇಲೇಳುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಯಂತ್ರ ಹಿಮ್ಮುಖವಾಗಿ ಮಗುಚಿ ಚಾಲಕನ ಮೇಲೆಯೇ ಬೀಳುತ್ತದೆ. ಹೀಗೆ ಜೀವ ಕಳೆದುಕೊಂಡವರು ಅನೇಕರು.

ದೋಷ ಟ್ರಾಕ್ಟರಿನಲ್ಲೂ ಅಲ್ಲ, ನೇಗಿಲಿನಲ್ಲೂ ಅಲ್ಲ, ಅವೆರಡನ್ನು ಜೋಡಿಸಿದ ರೀತಿಯಲ್ಲಿದೆ ಎಂಬುದು ಫರ್ಗುಸನ್‌ಗೆ ಹೊಳೆಯಿತು. ಮುಂದಿನ ನಲವತ್ತು ವರ್ಷ ಆತ ಹಿಡಿದು ನಡೆದದ್ದು ಈ ಒಂದೇ ಎಳೆಯನ್ನು.

ಕಾರು ಟ್ರಾಕ್ಟರಾದಾಗ

ಆ ಕಾಲದಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಎಲ್ಲೆಡೆ ಹರಡಿತ್ತು. ಅಮೆರಿಕದಲ್ಲಿ ಕೆಲವರು ಈ ಕಾರನ್ನು ಟ್ರಾಕ್ಟರಾಗಿ ಮಾರ್ಪಡಿಸುವ ಸಾಮಾನುಗಳನ್ನು ಮಾರುತ್ತಿದ್ದರು. ಅಂಥ ಒಂದು ಮಾರ್ಪಾಡಿನ ಹೆಸರು ಈರೋಸ್. ಕಾರಿನ ಹಿಂದಿನ ಗಾಲಿಗಳನ್ನು ಕಳಚಿ ಅಲ್ಲಿ ಚಿಕ್ಕ ಹಲ್ಲುಗಾಲಿ ಕೂರಿಸುವುದು. ಅದು ದೊಡ್ಡ ಕಬ್ಬಿಣದ ಗಾಲಿಗೆ ಸೇರಿದ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುವುದು. ಚಿಕ್ಕದು ಹಲವು ಸುತ್ತು ತಿರುಗಿದರೆ ದೊಡ್ಡದು ಒಂದು ಸುತ್ತು. ಓಟ ತಗ್ಗಿತು, ಎಳೆಯುವ ಬಲ ಹೆಚ್ಚಿತು. ನಿಧಾನವಾಗಿ, ಪೂರ್ಣ ಹೊರೆಯಲ್ಲಿ ದುಡಿಯುವ ಎಂಜಿನ್ ಬೇಗ ಕಾಯುವುದರಿಂದ ದೊಡ್ಡ ರೇಡಿಯೇಟರನ್ನೂ ಹಾಕುತ್ತಿದ್ದರು.

ಆದರೂ ಒಂದು ತೊಡಕು ಉಳಿಯಿತು. ಕಾರು ಹಗುರ. ಅಂದಿನ ಭಾರವಾದ ನೇಗಿಲನ್ನು ಕಟ್ಟಿದರೆ ಗಾಲಿಗಳು ನೆಲ ಹಿಡಿಯದೆ ಜಾರುತ್ತಿದ್ದವು. ಇದಕ್ಕೆ ಎಲ್ಲರಿಗೂ ತೋಚುವ ಉಪಾಯ ಯಂತ್ರದ ಮೇಲೆ ಇನ್ನಷ್ಟು ಭಾರ ಹೇರುವುದು. ಫರ್ಗುಸನ್ ಹಾಗೆ ಮಾಡಲಿಲ್ಲ. ಆತನೂ ಸ್ಯಾಂಡ್ಸ್‌ನೂ ಕೂಡಿ 1917ರಲ್ಲಿ ಈರೋಸ್‌ಗೆಂದೇ ಒಂದು ಹಗುರವಾದ ನೇಗಿಲು ಮಾಡಿದರು. ಅದಕ್ಕೆ ಸ್ವಂತ ಗಾಲಿಗಳಿಲ್ಲ. ಸರಪಳಿ ಇಲ್ಲ. ನೇಗಿಲನ್ನು ವಾಹನದ ಒಡಲಡಿಗೆ, ಅಚ್ಚಿಗಿಂತ ಮುಂದೆ ಮತ್ತು ಕೆಳಗೆ ನೇರವಾಗಿ ಜೋಡಿಸಿದರು. ಮಣ್ಣು ನೇಗಿಲನ್ನು ಹಿಂದಕ್ಕೆಳೆದಷ್ಟೂ ಆ ಎಳೆತ ಗಾಲಿಗಳನ್ನು ನೆಲಕ್ಕೆ ಒತ್ತುವಂತಾಯಿತು. ಭಾರ ಹೇರದೆಯೇ ಹಿಡಿತ ಬಂದಿತು. ಚಾಲಕ ಕುಳಿತಲ್ಲಿಂದಲೇ ಒಂದು ಹಿಡಿಕೆಯಿಂದ ನೇಗಿಲನ್ನು ಎತ್ತಿ ಇಳಿಸಬಹುದಿತ್ತು.

ಕೆಲಸ ಚೆನ್ನಾಗಿ ನಡೆಯಿತು. ಆದರೆ ಅದೇ ವರ್ಷ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯಿಂದ ಫೋರ್ಡ್‌ಸನ್ ಎಂಬ ಅಗ್ಗದ ಟ್ರಾಕ್ಟರನ್ನು ಹೊರತಂದ. ಅವು ಸಾವಿರಗಟ್ಟಲೆ ಬ್ರಿಟನ್ನಿಗೆ ಬಂದಿಳಿದವು. ನಿಜವಾದ ಟ್ರಾಕ್ಟರೇ ಕಡಿಮೆ ಬೆಲೆಗೆ ಸಿಗುವಾಗ ಕಾರನ್ನು ಮಾರ್ಪಡಿಸುವವರು ಯಾರು? ಈರೋಸ್ ಮೂಲೆ ಸೇರಿತು, ಅದರೊಡನೆ ಫರ್ಗುಸನ್‌ನ ನೇಗಿಲೂ. ಬೇರೆಯವನಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದ. ಫರ್ಗುಸನ್ ಮಾತ್ರ ಫೋರ್ಡ್‌ಸನ್‌ಗೇ ಹೊಂದುವ ಹೊಸ ನೇಗಿಲಿಗೆ ಕೈ ಹಾಕಿದ.

ಮೇಣಿ ಹಿಡಿದ ಕೈಯ ಜಾಣ್ಮೆ

ಹೊಸ ನೇಗಿಲನ್ನು ಒಂದರ ಮೇಲೊಂದು ಇರುವ ಎರಡು ಸರಳುಗಳಿಂದ ಟ್ರಾಕ್ಟರಿಗೆ ಜೋಡಿಸಿದ. ನೇಗಿಲು ಬಂಡೆಗೆ ಸಿಕ್ಕಿದಾಗ ಅದು ಮುಂದಕ್ಕೆ ಮುಗ್ಗರಿಸಲು ನೋಡುತ್ತದೆ. ಆಗ ಮೇಲಿನ ಸರಳು ಟ್ರಾಕ್ಟರನ್ನು ಮುಂದಕ್ಕೆ ತಳ್ಳಿ ಅದರ ಮೂತಿ ಏಳದಂತೆ ಅದುಮುತ್ತದೆ. ಟ್ರಾಕ್ಟರನ್ನು ಮಗುಚುತ್ತಿದ್ದ ಬಲವೇ ಈಗ ಅದನ್ನು ಮಗುಚದಂತೆ ಕಾಯತೊಡಗಿತು.

1920ರಲ್ಲಿ ಆತ ಈ ನೇಗಿಲನ್ನು ಅಮೆರಿಕಕ್ಕೆ ಒಯ್ದು ಹೆನ್ರಿ ಫೋರ್ಡ್‌ಗೆ ತೋರಿಸಿದ. ಫೋರ್ಡ್ ಮೆಚ್ಚಿ ತನ್ನಲ್ಲಿ ನೌಕರಿ ಕೊಡಲು ಮುಂದಾದ. ಫರ್ಗುಸನ್ ಒಲ್ಲೆನೆಂದ. ಹಕ್ಕನ್ನು ಕೊಳ್ಳುತ್ತೇನೆಂದರೂ ಒಪ್ಪಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದ.

ಇನ್ನೂ ಒಂದು ಸಮಸ್ಯೆ ಬಗೆಹರಿದಿರಲಿಲ್ಲ. ಹೊಲ ಸಮತಟ್ಟಾಗಿರುವುದಿಲ್ಲ. ನೇಗಿಲು ಟ್ರಾಕ್ಟರಿಗೆ ಬಿಗಿಯಾಗಿ ಸೇರಿದ್ದರೆ, ಮುಂದಿನ ಗಾಲಿ ತಗ್ಗಿಗಿಳಿದಾಗ ಹಿಂದೆ ನೇಗಿಲು ಮೇಲೇಳುತ್ತದೆ, ಗಾಲಿ ದಿಬ್ಬ ಹತ್ತಿದಾಗ ನೇಗಿಲು ಆಳಕ್ಕಿಳಿಯುತ್ತದೆ. ಆಳ ಒಂದೇ ಸಮ ಇರುವಂತೆ ಮಾಡುವುದು ಹೇಗೆ?

ನಮ್ಮ ಉಳುವವರು ಇದನ್ನು ಕೈಯಿಂದಲೇ ಮಾಡುತ್ತ ಬಂದಿದ್ದಾರೆ. ಮಣ್ಣು ಸಡಿಲಾದ ಕಡೆ ಮೇಣಿಯನ್ನು ಒತ್ತುತ್ತಾರೆ. ಗಟ್ಟಿ ನೆಲ ಬಂದು ಎತ್ತು ಏದುಸಿರು ಬಿಟ್ಟಾಗ ಮೇಣಿಯನ್ನು ತುಸು ಹಗುರ ಮಾಡುತ್ತಾರೆ. ಮೇಣಿಗೆ ಬರುವ ಎಳೆತವೇ ಉಳುವವನಿಗೆ ಸುದ್ದಿ ಹೇಳುತ್ತದೆ. ಅದೇ ಕೆಲಸವನ್ನು ಫರ್ಗುಸನ್ ಯಂತ್ರಕ್ಕೆ ಕಲಿಸಿದ. ಎಂಜಿನ್ನಿನಿಂದ ನಡೆಯುವ ಎಣ್ಣೆಯ ಪಂಪೊಂದು ನೇಗಿಲನ್ನು ಎತ್ತುತ್ತದೆ. ನೇಗಿಲಿಗೆ ಮಣ್ಣಿನ ಪ್ರತಿರೋಧ ಹೆಚ್ಚಾದಾಗ ಮೇಲಿನ ತೋಳು ಒಂದು ಸ್ಪ್ರಿಂಗನ್ನು ಅದುಮುತ್ತದೆ. ಸ್ಪ್ರಿಂಗ್ ಅದುಮಿದೊಡನೆ ಪಂಪಿನ ಕವಾಟ ಸರಿದು ನೇಗಿಲು ತುಸು ಮೇಲೇಳುತ್ತದೆ. ಪ್ರತಿರೋಧ ಇಳಿದಾಗ ಕವಾಟ ಮರಳಿ ಸರಿದು ನೇಗಿಲು ಕೆಳಗಿಳಿಯುತ್ತದೆ. ಚಾಲಕ ಹಿಡಿಕೆಯಿಂದ ಎಷ್ಟು ಎಳೆತ ಬೇಕೆಂದು ಗೊತ್ತುಮಾಡಿದ್ದರೆ ಉಳಿದದ್ದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಈ ವ್ಯವಸ್ಥೆಯ ಮೂಲ ತತ್ವಕ್ಕೆ ಆತ 1925ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ.

ಅದು ಪೂರ್ತಿ ಕೈಗೂಡಲು ಮತ್ತೂ ಕೆಲವು ವರ್ಷ ಹಿಡಿದವು. ಎರಡು ತೋಳುಗಳು ಮೂರಾದವು. ಇಡೀ ವ್ಯವಸ್ಥೆಯನ್ನು ತೋರಿಸಲು ತನ್ನದೇ ಟ್ರಾಕ್ಟರ್ ಬೇಕೆನಿಸಿ 1933ರಲ್ಲಿ ಬೆಲ್‌ಫಾಸ್ಟಿನಲ್ಲಿ ಒಂದನ್ನು ಕಟ್ಟಿ, ಕಪ್ಪು ಬಣ್ಣ ಬಳಿದ. ಕಪ್ಪು ಟ್ರಾಕ್ಟರ್ ಎಂದೇ ಅದಕ್ಕೆ ಹೆಸರು. 1936ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೌನ್ ಸಂಸ್ಥೆಯೊಡನೆ ಕೂಡಿ ಅದರ ತಯಾರಿಕೆ ಶುರುವಾಯಿತು. ತೂಕ ಒಂದು ಟನ್ನಿಗೂ ಕಡಿಮೆ, ಬೆಲೆ 224 ಪೌಂಡು. ಅದರ ನೇಗಿಲು, ಕುಂಟೆಗಳನ್ನೂ ಬೇರೆಯಾಗಿಯೇ ಕೊಳ್ಳಬೇಕು. ಇಷ್ಟು ಚಿಕ್ಕದು, ಮೇಲಾಗಿ ಫೋರ್ಡ್‌ಸನ್‌ಗಿಂತ ದುಬಾರಿ ಎಂದು ರೈತರು ಹಿಂದೆಗೆದರು. ಸುಮಾರು 1,350 ಮಾತ್ರ ತಯಾರಾದವು. ಇನ್ನೂ ದೊಡ್ಡ ಟ್ರಾಕ್ಟರ್ ಮಾಡೋಣವೆಂದು ಬ್ರೌನ್ ಹೇಳಿದ, ಫರ್ಗುಸನ್ ಒಪ್ಪಲಿಲ್ಲ. ಇಬ್ಬರೂ ಬೇರೆಯಾದರು.

ಕೈಕುಲುಕಿದ ಒಪ್ಪಂದ

1938ರ ಅಕ್ಟೋಬರ್ ತಿಂಗಳಲ್ಲಿ ಫರ್ಗುಸನ್ ತನ್ನ ಟ್ರಾಕ್ಟರಿನೊಂದಿಗೆ ಮತ್ತೆ ಹೆನ್ರಿ ಫೋರ್ಡ್‌ನ ಹೊಲಕ್ಕೆ ಹೋದ. ಫೋರ್ಡ್‌ಗೆ ಆಗ ಎಪ್ಪತ್ತೈದು ವರ್ಷ. ಆತನೂ ರೈತನ ಮಗ, ಆತನೂ ಹುಡುಗನಾಗಿದ್ದಾಗ ಹೊಲದ ದುಡಿಮೆಗೆ ಬೇಸತ್ತು ಊರು ಬಿಟ್ಟವನು. ಚಿಕ್ಕ ಟ್ರಾಕ್ಟರ್ ತನಗಿಂತ ಭಾರವಾದ ಯಂತ್ರಗಳು ತಿಣುಕುವ ನೆಲದಲ್ಲಿ ನೀಟಾಗಿ ಉತ್ತಿತು. ಬಳಿಕ ಹೊಲದಲ್ಲೇ ಮೇಜು ಹಾಕಿ ಇಬ್ಬರೂ ಕುಳಿತರು. ಆಟಿಕೆಯಂಥ ಮಾದರಿಯೊಂದನ್ನು ಮೇಜಿನ ಮೇಲಿಟ್ಟು ಫರ್ಗುಸನ್ ತನ್ನ ತತ್ವವನ್ನು ವಿವರಿಸಿದ. ತಯಾರಿಕೆ ಫೋರ್ಡ್‌ನದು, ವಿನ್ಯಾಸ ಮತ್ತು ಮಾರಾಟ ಫರ್ಗುಸನ್‌ನದು ಎಂದು ಮಾತಾಯಿತು. ಕೈ ಕುಲುಕಿದರು. ಕಾಗದವಿಲ್ಲ, ರುಜುವಿಲ್ಲ, ಸಾಕ್ಷಿಯಿಲ್ಲ.

1939ರಲ್ಲಿ ಹೊಸ ಟ್ರಾಕ್ಟರ್ ಮಾರುಕಟ್ಟೆಗೆ ಬಂದಿತು. ಎಂಟು ವರ್ಷಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಟ್ರಾಕ್ಟರುಗಳು ಹೊರಬಿದ್ದವು. ಆದರೆ ಮಾತು ಕೊಟ್ಟ ಹಿರಿಯ ಫೋರ್ಡ್ 1947ರ ಏಪ್ರಿಲ್‌ನಲ್ಲಿ ತೀರಿಕೊಂಡ. ಕಂಪನಿಯ ಆಡಳಿತ ಅದಾಗಲೇ ಮೊಮ್ಮಗನ ಕೈಗೆ ಬಂದಿತ್ತು. ಲೆಕ್ಕ ನೋಡಿದ ಮೊಮ್ಮಗ ನಷ್ಟದ ಕಾರಣ ಹೇಳಿ ಆ ವರ್ಷವೇ ಒಪ್ಪಂದವನ್ನು ಮುರಿದ. ಅದೇ ಬಗೆಯ ಟ್ರಾಕ್ಟರನ್ನು ಫೋರ್ಡ್ ಕಂಪನಿ ತಾನೇ ಮಾರತೊಡಗಿತು.

ಫರ್ಗುಸನ್ ಸುಮ್ಮನಿರಲಿಲ್ಲ. 1948ರಲ್ಲಿ 25 ಕೋಟಿ 10 ಲಕ್ಷ ಡಾಲರಿಗೆ ದಾವೆ ಹೂಡಿದ. ನಾಲ್ಕು ವರ್ಷ ವ್ಯಾಜ್ಯ ನಡೆಯಿತು. 1952ರಲ್ಲಿ ಇಬ್ಬರೂ ರಾಜಿಗೆ ಬಂದರು. ಹಕ್ಕುಪತ್ರದ ಬಾಬ್ತು ಆತನಿಗೆ ದೊರೆತದ್ದು 92 ಲಕ್ಷ 50 ಸಾವಿರ ಡಾಲರ್. ಬಲಾಢ್ಯ ಕಂಪನಿಯೊಂದನ್ನು ಎದುರಿಸಿ ಗೆದ್ದನೆಂಬ ಕೀರ್ತಿ ಬಂದರೂ ಬಾಳಿನ ನಾಲ್ಕು ಅಮೂಲ್ಯ ವರ್ಷಗಳು ಅದರಲ್ಲಿ ಸವೆದವು. ಬಾಯಿಮಾತಿನ ಮೇಲೆ ಜಮೀನನ್ನು ಕೋರಿಗೆ ಕೊಟ್ಟು, ಮಕ್ಕಳ ಕಾಲಕ್ಕೆ ಕೋರ್ಟಿಗೆ ಅಲೆಯುವ ನಮ್ಮ ಜನ ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು. ಮಾತು ಕೊಟ್ಟವನು ಎಷ್ಟೇ ದೊಡ್ಡವನಾಗಿರಲಿ, ಆತನ ಆಯುಸ್ಸು ಮುಗಿದ ಮೇಲೆ ಉಳಿಯುವುದು ಕಾಗದವೇ.

ಬೂದು ಬಣ್ಣದ ಪುಟ್ಟ ಟ್ರಾಕ್ಟರ್

ಇಷ್ಟರಲ್ಲಿ 1946ರಲ್ಲೇ ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಕಾರ್ಖಾನೆಯಿಂದ ಟಿ.ಇ.-20 ಎಂಬ ಫರ್ಗುಸನ್ ಟ್ರಾಕ್ಟರ್ ಹೊರಬಂದಿತ್ತು. ಬಣ್ಣ ಬೂದು, ಗಾತ್ರ ಚಿಕ್ಕದು. ಹತ್ತು ವರ್ಷಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾಗಿ ಹಲವು ದೇಶಗಳ ಹೊಲಗಳಿಗೆ ಇಳಿದವು. ಕುದುರೆಯನ್ನು ಸಾಕುವ ಸಣ್ಣ ರೈತನೂ ಟ್ರಾಕ್ಟರ್ ಕೊಳ್ಳುವಂತಾಗಬೇಕು, ಕುದುರೆಯ ಮೇವು ಬೆಳೆಯುವ ನೆಲದಲ್ಲಿ ಜನರಿಗೆ ಅನ್ನ ಬೆಳೆಯಬೇಕು ಎಂಬುದು ಫರ್ಗುಸನ್‌ನ ವಾದವಾಗಿತ್ತು.

ಶಿಸ್ತಿನ ವಿಷಯದಲ್ಲಿ ಆತ ಬಹಳ ಗಟ್ಟಿ. ಕಾರ್ಖಾನೆಯಲ್ಲಿ ಒಂದು ಸಾಮಾನು ಜಾಗ ತಪ್ಪಿದ್ದರೂ ಸಹಿಸುತ್ತಿರಲಿಲ್ಲ. ತನ್ನ ಟ್ರಾಕ್ಟರಿನ ನಟ್ಟು ಬೋಲ್ಟುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಪಾನಾ ಸಾಕಾಗುವಂತೆ ಮಾಡಿಸಿದ. ಆ ಪಾನಾದ ಮೇಲೆಯೇ ಇಂಚುಗಳ ಗುರುತು ಕೆತ್ತಿಸಿ, ನೇಗಿಲನ್ನು ಹೊಂದಿಸುವಾಗ ಅಳತೆಗೋಲಾಗಿಯೂ ಬಳಸುವಂತೆ ಮಾಡಿದ. ದೂರದ ಹೊಲದಲ್ಲಿ ಒಬ್ಬನೇ ನಿಂತ ರೈತನ ಕಷ್ಟ ಬಲ್ಲವನಿಗೆ ಮಾತ್ರ ಇಂಥ ವಿಷಯ ಹೊಳೆಯುತ್ತದೆ.

ಹೊಲದಿಂದ ಹಿಮದ ಖಂಡಕ್ಕೆ

ಈ ಪುಟ್ಟ ಟ್ರಾಕ್ಟರ್ ಮಾಡಿದ ಅತ್ಯಂತ ದೂರದ ಪಯಣ ಭೂಮಿಯ ದಕ್ಷಿಣ ತುದಿಗೆ. 1953ರಲ್ಲಿ ತೇನ್‌ಸಿಂಗ್‌ನೊಡನೆ ಎವರೆಸ್ಟ್ ಶಿಖರ ಏರಿದ ಎಡ್ಮಂಡ್ ಹಿಲರಿ, 1957ರಲ್ಲಿ ಅಂಟಾರ್ಕ್‌ಟಿಕ ಖಂಡಕ್ಕೆ ಹೋದಾಗ ಫರ್ಗುಸನ್ ಟ್ರಾಕ್ಟರುಗಳನ್ನು ಜತೆಗೊಯ್ದ. ಹೊಲ ಉಳಲೆಂದು ಮಾಡಿದ ಯಂತ್ರ ಹಿಮದ ಮೇಲೆ ಹೇಗೆ ಓಡೀತು? ಹಿಲರಿಯ ತಂಡದವರು ಅದನ್ನು ಮಾರ್ಪಡಿಸಿದರು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಇನ್ನೊಂದು ಗಾಲಿ ಸೇರಿಸಿ, ಮೂರನ್ನೂ ಸುತ್ತುವರಿದಂತೆ ಪಟ್ಟೆಗಳನ್ನು ತೊಡಿಸಿದರು. ಭಾರವೆಲ್ಲ ಪಟ್ಟೆಯ ಉದ್ದಕ್ಕೂ ಹಂಚಿಹೋಗಿ ಗಾಲಿ ಹೂಳುವುದು ಕಡಿಮೆಯಾಯಿತು. ಕುಳಿರ್ಗಾಳಿ ತಡೆಯಲು ಚಾಲಕನ ಸುತ್ತ ದಪ್ಪ ಬಟ್ಟೆಯ ಮರೆ ಕಟ್ಟಿದರು. ಹಿಮದಡಿ ಅಡಗಿದ ಆಳವಾದ ಬಿರುಕುಗಳಿಗೆ ಒಂದು ಬಿದ್ದರೆ ಮತ್ತೊಂದು ತಡೆದು ನಿಲ್ಲಿಸಲೆಂದು ಟ್ರಾಕ್ಟರುಗಳನ್ನು ಹಗ್ಗದಿಂದ ಒಂದಕ್ಕೊಂದು ಬಿಗಿದರು.

1957ರ ಅಕ್ಟೋಬರ್‌ನಲ್ಲಿ ಸ್ಕಾಟ್ ನೆಲೆಯಿಂದ ಹೊರಟು, ಸಾಮಾನು ತುಂಬಿದ ಜಾರುಬಂಡಿಗಳನ್ನೆಳೆಯುತ್ತ ಸುಮಾರು 2,000 ಕಿಲೋಮೀಟರ್ ಸಾಗಿ, 1958ರ ಜನವರಿ 4ರಂದು ಮೂರು ಫರ್ಗುಸನ್ ಟ್ರಾಕ್ಟರುಗಳು ದಕ್ಷಿಣ ಧ್ರುವವನ್ನು ಮುಟ್ಟಿದವು. ನೆಲದ ಮಾರ್ಗವಾಗಿ ಮೋಟಾರು ವಾಹನವೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. 1912ರಲ್ಲಿ ಸ್ಕಾಟ್ ಕಾಲ್ನಡಿಗೆಯಲ್ಲಿ ಹೋಗಿ ಮುಟ್ಟಿದ ಮೇಲೆ ನೆಲದ ಮಾರ್ಗವಾಗಿ ಬಂದವರೂ ಇವರೇ ಮೊದಲಿಗರು. ಸಿದ್ಧ ಯಂತ್ರಕ್ಕಿಂತ, ಬಲ್ಲವರ ಕೈಯಲ್ಲಿ ಹೊಸದಾಗಿ ಹೊಂದಿಸಿಕೊಂಡ ಯಂತ್ರ ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕೊನೆಯ ದಿನಗಳು

1953ರಲ್ಲಿ ಫರ್ಗುಸನ್ ತನ್ನ ಕಂಪನಿಯನ್ನು ಕೆನಡಾದ ಮ್ಯಾಸಿ-ಹ್ಯಾರಿಸ್ ಕಂಪನಿಯೊಡನೆ ಸೇರಿಸಿದ. ಬೆಲೆಯ ಮಾತುಕತೆಯಲ್ಲಿ ಹತ್ತು ಲಕ್ಷ ಡಾಲರಿನಷ್ಟು ವ್ಯತ್ಯಾಸ ಉಳಿದಾಗ, ನಾಣ್ಯ ಚಿಮ್ಮಿಸಿ ತೀರ್ಮಾನಿಸೋಣವೆಂದು ಆತನೇ ಸೂಚಿಸಿದ. ನಾಣ್ಯ ಚಿಮ್ಮಿತು, ಫರ್ಗುಸನ್ ಸೋತ. ನಗುತ್ತಲೇ ಒಪ್ಪಿಕೊಂಡ. ಮರುವರ್ಷ ಅಧ್ಯಕ್ಷ ಪದವಿಯನ್ನೂ ಬಿಟ್ಟ. ಆ ಕಂಪನಿಯೇ ಮುಂದೆ ಮ್ಯಾಸಿ ಫರ್ಗುಸನ್ ಎಂದು ಹೆಸರಾಯಿತು.

ಆಮೇಲೂ ಆತನ ಕೈ ಸುಮ್ಮನಿರಲಿಲ್ಲ. ಎಂಜಿನ್ನಿನ ಬಲವನ್ನು ನಾಲ್ಕು ಗಾಲಿಗಳಿಗೂ ಹಂಚಿ, ಜಾರುವ ನೆಲದಲ್ಲಿ ಕಾರು ಹಿಡಿತ ತಪ್ಪದಂತೆ ಮಾಡುವ ಪ್ರಯೋಗಗಳಿಗೆ ಹಣ ಸುರಿದ. ಅದರ ಫಲವನ್ನು ಆತ ಕಾಣಲಿಲ್ಲ. 1960ರ ಅಕ್ಟೋಬರ್ 25ರಂದು, ಎಪ್ಪತ್ತಾರು ತುಂಬಲು ಹತ್ತೇ ದಿನಗಳಿದ್ದಾಗ, ಇಂಗ್ಲೆಂಡಿನ ತನ್ನ ಮನೆಯಲ್ಲಿ ತೀರಿಕೊಂಡ. ಮರುವರ್ಷವೇ ಆತನ ವ್ಯವಸ್ಥೆಯ ನಾಲ್ಕು ಗಾಲಿಯ ಪಂದ್ಯದ ಕಾರು ಓಲ್ಟನ್ ಪಾರ್ಕಿನ ಓಟದಲ್ಲಿ ಗೆದ್ದಿತು.

ಆತ ತೀರಿಕೊಂಡ ಅದೇ 1960ರಲ್ಲಿ ಮದರಾಸಿನಲ್ಲಿ ಟಾಫೆ ಕಂಪನಿ ಮ್ಯಾಸಿ ಫರ್ಗುಸನ್ ಸಹಯೋಗದಿಂದ ಆರಂಭವಾಯಿತು. ಕರ್ನಾಟಕದ ಹೊಲಗಳಿಗೆ ಆ ಹೆಸರು ಬಂದದ್ದು ಹೀಗೆ. ಇಂದು ಯಾವ ಕಂಪನಿಯ ಟ್ರಾಕ್ಟರನ್ನೇ ಕೊಂಡರೂ ಅದರ ಬೆನ್ನಿಗೆ ಫರ್ಗುಸನ್‌ನ ಮೂರು ತೋಳುಗಳು ಇದ್ದೇ ಇರುತ್ತವೆ.

ನಾವು ಕಲಿಯಬೇಕಾದದ್ದು

ಹಳೆಯ ಯಂತ್ರಕ್ಕೆ ಹೊಸ ಜೀವ ಕೊಡುವ ಕೆಲಸ ಎಲ್ಲ ದೇಶಗಳಲ್ಲೂ ನಡೆದಿದೆ. ಹೊರದೇಶಗಳಲ್ಲಿ ಮನೆಯಂಗಳದ ಹುಲ್ಲು ಕತ್ತರಿಸುವ ಪುಟ್ಟ ಟ್ರಾಕ್ಟರುಗಳನ್ನು ಬಿಚ್ಚಿ, ಗೇರು ಗಾಲಿ ಬದಲಿಸಿ, ಕೆಸರು ಕಾಡುಗಳಲ್ಲಿ ಸೌದೆ ಸಾಗಿಸುವ ಗಾಡಿ ಮಾಡಿಕೊಳ್ಳುವವರಿದ್ದಾರೆ. ನಮ್ಮಲ್ಲೂ ಹಳೆಯ ಜೀಪು, ಟಿಲ್ಲರು, ಪಂಪಿನ ಎಂಜಿನ್ನುಗಳಿಗೆ ಹೊಸ ರೂಪ ಕೊಡುವ ಜಾಣರಿಗೆ ಕೊರತೆಯಿಲ್ಲ. ಅವರು ಫರ್ಗುಸನ್‌ನ ಬಾಳಿನಿಂದ ಕೆಲವು ಮಾತುಗಳನ್ನು ಕಟ್ಟಿಟ್ಟುಕೊಳ್ಳಬೇಕು.

ಓಟಕ್ಕೆಂದು ಮಾಡಿದ ಯಂತ್ರವನ್ನು ಎಳೆತಕ್ಕೆ ಹಚ್ಚುವಾಗ ಮೊದಲು ವೇಗ ತಗ್ಗಿಸಬೇಕು. ನಿಧಾನ ಓಟದಲ್ಲಿ ಗಾಳಿ ಸಾಲದು, ಆದ್ದರಿಂದ ಎಂಜಿನ್ ತಂಪಾಗಿರುವ ಏರ್ಪಾಡು ಬೇಕು. ಹೊರೆ ಹೆಚ್ಚಿದಂತೆ ಬ್ರೇಕೂ ಬಲವಾಗಬೇಕು.

ಎಲ್ಲಕ್ಕಿಂತ ಮುಖ್ಯ, ಕೊಂಡಿ ಎಲ್ಲಿದೆ ಎಂಬುದನ್ನು ನೋಡಬೇಕು. ಎಳೆಯುವ ಹೊರೆಯನ್ನು ಹಿಂದಿನ ಅಚ್ಚಿಗಿಂತ ಕೆಳಗೆಯೇ ಕಟ್ಟಬೇಕು. ಮರದ ಬೊಡ್ಡೆ ಕೀಳಲೆಂದೋ ಹೂತ ಗಾಡಿ ಎಳೆಯಲೆಂದೋ ಸರಪಳಿಯನ್ನು ಅಚ್ಚಿಗೆ ಸುತ್ತುವುದು, ಮೇಲಿನ ತೋಳಿನ ಜಾಗಕ್ಕೆ ಕಟ್ಟುವುದು ಸಾವನ್ನು ಕರೆದಂತೆ. 1917ರಲ್ಲಿ ಐರ್ಲೆಂಡಿನ ಹೊಲಗಳಲ್ಲಿ ಟ್ರಾಕ್ಟರ್ ಮಗುಚುತ್ತಿದ್ದ ಕಾರಣವೂ ಇಂದು ನಮ್ಮಲ್ಲಿ ಹೀಗೆ ಮಗುಚುವ ಕಾರಣವೂ ಒಂದೇ. ಚಾಲಕನ ತಲೆಯ ಮೇಲೆ ಗಟ್ಟಿಯಾದ ಕಬ್ಬಿಣದ ಚೌಕಟ್ಟು, ಸೊಂಟಕ್ಕೆ ಪಟ್ಟಿ, ತಿರುಗುವ ಪಿ.ಟಿ.ಓ. ದಂಡಕ್ಕೆ ಮುಚ್ಚಳ, ಇವಿಷ್ಟಕ್ಕೆ ಖರ್ಚು ಮಾಡಲು ಹಿಂದೆ ಮುಂದೆ ನೋಡಬಾರದು.

ನೇಗಿಲಿನ ಹಿಂದೆ ನಡೆದು ದಣಿದ ಒಬ್ಬ ಹುಡುಗ, ಹಾಗೆ ದಣಿಯುವುದು ಯಾರಿಗೂ ಬೇಡವೆಂದು ಬಯಸಿದ. ಭಾರವಾದ ಯಂತ್ರ ಕಟ್ಟಿ ಅದನ್ನು ಸಾಧಿಸಲಿಲ್ಲ, ಯಂತ್ರಕ್ಕೂ ನೇಗಿಲಿಗೂ ಸರಿಯಾದ ನಂಟು ಬೆಸೆದು ಸಾಧಿಸಿದ. ಮುಂದಿನ ಮುಂಗಾರಿಗೆ ಟ್ರಾಕ್ಟರ್ ಹೊಲಕ್ಕಿಳಿಸುವ ಮುನ್ನ ಆ ಮೂರು ತೋಳುಗಳ ಪಿನ್ನುಗಳು ಸವೆದಿಲ್ಲವೇ, ಕೊಂಡಿ ಸರಿಯಾದ ಜಾಗದಲ್ಲಿದೆಯೇ ಎಂದು ಒಮ್ಮೆ ಬಗ್ಗಿ ನೋಡಿ.